ರೇಷ್ಮೆಯ ಊರಿನಿಂದ ಕೊರಿಯಕ್ಕೆ

ಒಂದು ಕಾಲಕ್ಕೆ ನಮ್ಮ ನಾಡಿನವರು ಕೊರಿಯಕ್ಕೆ ಹೋದದ್ದು ಯುದ್ಧದ ನಿಮಿತ್ತ. 1953ರಲ್ಲಿ ಕದನವಿರಾಮವಾದ ಬಳಿಕ, ಸೆರೆಯಾಳುಗಳ ವಿಷಯವನ್ನು ಇತ್ಯರ್ಥಪಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಅಂದು ಯುದ್ಧದಿಂದ ಜರ್ಜರಿತವಾಗಿದ್ದ ದಕ್ಷಿಣ ಕೊರಿಯಕ್ಕೆ ಇಂದು ನಮ್ಮ ತರುಣರು ವಿದ್ಯೆಯನ್ನು ಅರಸಿ ಹೋಗುತ್ತಿದ್ದಾರೆ. ರಾಮನಗರದ ಕಡೆಯ ಹಳ್ಳಿಯಲ್ಲಿ, ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಹಾಗೆ ಹೋದಳೆಂದು ಭಾವಿಸೋಣ. ಅಲ್ಲಿ ಅವಳ ದಿನಗಳು ಹೇಗೆ ಸಾಗುತ್ತವೆ?

ಮೊದಲ ಪೆಟ್ಟು ಬೀಳುವುದು ಅವಳ ಅಭಿಮಾನಕ್ಕೆ. ಊರಿನಲ್ಲಿ ಪದವೀಧರೆಯೆನಿಸಿದವಳು ಸಿಯೋಲ್ ನಗರದಲ್ಲಿ ಅಂಗಡಿಯ ಹೆಸರನ್ನೂ ಓದಲಾರಳು. ಕೊರಿಯ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪದವಿಗಾಗಿ ಬಂದವರು ಸಾಮಾನ್ಯವಾಗಿ ಮೊದಲ ಒಂದು ವರ್ಷ ಅಲ್ಲಿಯ ಭಾಷೆಯನ್ನೇ ಕಲಿಯಬೇಕು. ಭಾಷಾ ಪರೀಕ್ಷೆಯಲ್ಲಿ ಮೂರನೆಯ ಹಂತವನ್ನಾದರೂ ಮುಟ್ಟಬೇಕು. ಅದೃಷ್ಟವಶಾತ್ ಲಿಪಿ ಸುಲಭ. ಸೆಜೊಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24. ಮೂಲ ವ್ಯಂಜನಗಳ ಆಕಾರವು ನುಡಿಯುವಾಗಿನ ನಾಲಗೆ ತುಟಿಗಳ ನಿಲುವನ್ನೇ ಹೋಲುತ್ತದೆ. ಉಚ್ಚಾರದ ಕೊನೆಯ ವ್ಯಂಜನವನ್ನು, ನಮ್ಮ ಒತ್ತಕ್ಷರದಂತೆ, ಕೆಳಗೆ ಬರೆಯುತ್ತಾರೆ. ಕ್ರಿಯಾಪದವೂ ನಮ್ಮಲ್ಲಿಯಂತೆ ವಾಕ್ಯದ ಕೊನೆಗೇ ಬರುತ್ತದೆ. ಮಕ್ಕಳು ತಾಯಿಯನ್ನು 'ಒಮ್ಮಾ' ಎಂದೂ ತಂದೆಯನ್ನು 'ಅಪ್ಪಾ' ಎಂದೂ ಕರೆಯುತ್ತಾರೆ. ಇಷ್ಟರಿಂದಲೇ ಎರಡು ಭಾಷೆಗಳೂ ಒಂದೇ ಕುಲದವೆಂದು ಹೇಳುವವರುಂಟು. ಅದು ಆತುರದ ಮಾತು. ಆದರೆ ದೂರದ ಊರಿನಲ್ಲಿ ಹಿಂದಿನಿಂದ ಮಗುವೊಂದು 'ಅಪ್ಪಾ' ಎಂದು ಕೂಗಿದಾಗ ಅವಳು ತಿರುಗಿ ನೋಡದಿರುವಳೇ?

ಊಟದ ತೊಡಕು ಬೇರೆ. ಅನ್ನವೇನೋ ಉಂಟು, ಬೆಳಗಿನ ಹೊತ್ತೂ ಉಂಟು. ಮುದ್ದೆ ಮಾತ್ರ ಇಲ್ಲ. ಕೋಸನ್ನು ಉಪ್ಪು ಮೆಣಸಿನಕಾಯಿ ಹಾಕಿ ಹುಳಿಬರಿಸಿದ ಕಿಮ್ಚಿ ನಮ್ಮ ಉಪ್ಪಿನಕಾಯಿಯ ನೆಂಟನಂತೆ ತೋರಿದರೂ, ಅದರಲ್ಲಿ ಸೀಗಡಿಯನ್ನೋ ಮೀನಿನ ರಸವನ್ನೋ ಬೆರೆಸುವುದು ವಾಡಿಕೆ. ಸಸ್ಯಾಹಾರಿಗಳು ವಿಚಾರಿಸಿಯೇ ತಿನ್ನಬೇಕು. ಪಂಕ್ತಿಯಲ್ಲಿ ಹಿರಿಯರು ಚಮಚ ಎತ್ತುವ ತನಕ ಕಿರಿಯರು ಕಾಯುತ್ತಾರೆ. ಪರಿಚಯವಾದೊಡನೆ ವಯಸ್ಸು ಕೇಳುವುದೂ ಅಲ್ಲಿ ಅನಾಗರಿಕವಲ್ಲ. ಅದು ತಿಳಿಯದೆ ಯಾವ ಗೌರವದಿಂದ ಮಾತನಾಡಬೇಕೆಂಬುದು ತಿಳಿಯದು. ನೀನು, ನೀವು ಎಂಬ ಭೇದವನ್ನು ಬಲ್ಲ ನಮ್ಮವರಿಗೆ ಇದು ಬೇಗ ಒಗ್ಗುತ್ತದೆ.

ಮಾರ್ಚಿಯಲ್ಲಿ ಶೈಕ್ಷಣಿಕ ವರ್ಷ ಆರಂಭ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಶೀತ. ಆದರೂ ಮನೆಯೊಳಗೆ ನೆಲ ಬೆಚ್ಚಗಿರುತ್ತದೆ: ಹಿಂದೆ ಒಲೆಯ ಬಿಸಿಹೊಗೆಯನ್ನು ನೆಲದಡಿಯಲ್ಲಿ ಹಾಯಿಸುತ್ತಿದ್ದರು, ಈಗ ಬಿಸಿನೀರಿನ ಕೊಳವೆಗಳಿವೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಅವಳನ್ನು ನಿಲ್ಲಿಸಿ ನೋಡುವಂತೆ ಮಾಡುವ ಸ್ಥಳ ಇನ್ನೊಂದಿದೆ. ಸಿಯೋಲಿನಲ್ಲಿ 'ಜಮ್ಸಿಲ್' ಎಂಬ ಬಡಾವಣೆಯುಂಟು. ಆ ಹೆಸರಿನ ಅರ್ಥ 'ರೇಷ್ಮೆಹುಳುವಿನ ಕೋಣೆ', ಎಂದರೆ ನಮ್ಮ ಹುಳುಮನೆ! ಜೊಸನ್ ಅರಸರ ಕಾಲದಲ್ಲಿ ಅಲ್ಲಿ ಸರ್ಕಾರವೇ ರೇಷ್ಮೆಹುಳುಗಳನ್ನು ಸಾಕಿಸುತ್ತಿತ್ತು. 1970ರ ದಶಕದಲ್ಲೂ ಕೊರಿಯದ ಎಷ್ಟೋ ರೈತರಿಗೆ ರೇಷ್ಮೆಯೇ ಆಸರೆಯಾಗಿತ್ತು. ಬಳಿಕ ಕೈಗಾರಿಕೆ ಬೆಳೆದು, ಜನರು ಪಟ್ಟಣ ಸೇರಿ, ಆ ಕಸುಬು ಕ್ಷೀಣಿಸಿತು. ಇಂದು ಜಮ್ಸಿಲ್‌ನಲ್ಲಿ 123 ಅಂತಸ್ತುಗಳ, 555 ಮೀಟರ್ ಎತ್ತರದ ಗೋಪುರ ನಿಂತಿದೆ. ಹಿಪ್ಪುನೇರಳೆಯ ತೋಟವಿದ್ದ ಕಡೆ ಅಂಗಡಿಗಳ ಸಾಲು. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ರಾತ್ರಿಯೆಲ್ಲ ಸೊಪ್ಪು ಹಾಕಿದ ಕೈಗಳವಳಿಗೆ ಅದನ್ನು ಕಂಡು ಬೆರಗೂ ಆದೀತು, ಅಳುಕೂ ಆದೀತು.

ರೇಷ್ಮೆಯ ಕಾಲದ ಒಂದು ಗುರುತು ಮಾತ್ರ ಬೀದಿಯಲ್ಲಿ ಉಳಿದಿದೆ. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವನ್ನು ಅಲ್ಲಿ ಬೇಯಿಸಿ, ತಿಂಡಿಯಾಗಿ ಮಾರುತ್ತಾರೆ. 'ಬೊಂದೆಗಿ' ಎಂದು ಅದರ ಹೆಸರು. ಜೊತೆಯವರು ಮೂಗು ಮುಚ್ಚಿಕೊಂಡರೂ ಅವಳಿಗೆ ಆ ವಾಸನೆ ಹೊಸದಲ್ಲ; ರಾಮನಗರದ ಬಿಚ್ಚಾಣಿಕೆ ಮನೆಗಳ ಬೀದಿಯದೇ ಅದು.

ಕೊರಿಯದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ತಂದೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುವ ಹತ್ತು ಗಂಟೆಗೆ ಅಲ್ಲಿ ಮಧ್ಯಾಹ್ನ ಒಂದೂವರೆ. ತರಗತಿಗಳ ನಡುವೆ ಫೋನು ಮಾಡಿದಾಗ ಅವಳು ಮೊದಲು ಕೇಳುವುದು, "ಇವತ್ತು ಗೂಡಿಗೆ ಎಷ್ಟು ಬಿತ್ತಪ್ಪಾ?"