ಹಡಗು ಹತ್ತುವ ಮುಂಚೆ ಒಂದು ದಿನ ಕೈಯಲ್ಲಿರಲಿ

ಬೆಂಗಳೂರಿನ ಹನುಮಂತನಗರದ 50 ಅಡಿ ರಸ್ತೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಬೇಕಾದರೆ ರಸ್ತೆಯಲ್ಲಿ 300 ಕಿ.ಮೀ. ಮೀರಿ ಹೋಗಬೇಕು. ಪಶ್ಚಿಮಕ್ಕೆ ಮಂಗಳೂರು, ಪೂರ್ವಕ್ಕೆ ಚೆನ್ನೈ. ಎರಡೂ ಹೆಚ್ಚುಕಡಿಮೆ 350 ಕಿ.ಮೀ. ಆದರೂ ಹಡಗಿನ ಪ್ರವಾಸ ಈಗ ಈ ಬಡಾವಣೆಯವರಿಗೆ ದೂರದ ಮಾತಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸರ್ಕಾರದ ಹಡಗುಗಳಿವೆ. 2021ರಿಂದ ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಮುಂಬೈ ಕಡೆಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಓಡಾಡುತ್ತಿದೆ. ನಿವೃತ್ತ ದಂಪತಿ, ಎಲ್‌ಟಿಸಿ ಉಳಿಸಿಕೊಂಡ ಬ್ಯಾಂಕ್ ನೌಕರರು, ಮೊಮ್ಮಕ್ಕಳ ರಜೆಗೆ ಕಾದು ಕುಳಿತ ಅಜ್ಜ-ಅಜ್ಜಿ ಎಲ್ಲರೂ ಈಗ ಹಡಗು ಹತ್ತುತ್ತಾರೆ.

ಇಂಥ ಪ್ರವಾಸ ಹಾಳಾಗುವುದು ಸಾಮಾನ್ಯವಾಗಿ ಸಮುದ್ರದಲ್ಲಲ್ಲ, ಬಂದರು ಮುಟ್ಟುವ ದಾರಿಯಲ್ಲಿ. ಹಡಗು ಹೊರಡುವ ದಿನ ಬೆಳಿಗ್ಗೆ ತಲುಪುವ ರೈಲಿಗೆ ಟಿಕೆಟ್ ಮಾಡಿಸಿದವರು, ರೈಲು ಮೂರು ಗಂಟೆ ತಡವಾದರೆ ಪ್ಲಾಟ್‌ಫಾರ್ಮಿನಲ್ಲೇ ಬೆವರಬೇಕಾಗುತ್ತದೆ. ತಪ್ಪಿದ ರೈಲಿಗೆ ಬದಲಾಗಿ ಇನ್ನೊಂದು ರೈಲು ಸಿಕ್ಕೀತು, ತಪ್ಪಿದ ಹಡಗಿಗೆ ಬದಲಿ ಇಲ್ಲ. ಹಾಗಾಗಿ ಮೊದಲ ಕೆಲಸ, ಬಂದರಿನ ಊರಿಗೆ ಒಂದು ದಿನ ಮುಂಚೆಯೇ ತಲುಪುವಂತೆ ಟಿಕೆಟ್ ಮಾಡಿಸುವುದು. ಆ ಒಂದು ದಿನವನ್ನು ಹೋಟೆಲ್ ಕೋಣೆಯಲ್ಲಿ ಟಿ.ವಿ. ನೋಡಿ ಕಳೆಯಬೇಕಿಲ್ಲ. ಸರಿಯಾಗಿ ಹೊಂದಿಸಿದರೆ ಅದೇ ಒಂದು ಪುಟ್ಟ ಪ್ರವಾಸವಾಗುತ್ತದೆ.

ಹೊಂದಿಸುವ ಸೂತ್ರ ಸರಳ: ದೂರದ್ದು ಮೊದಲು, ಬಂದರಿನ ಪಕ್ಕದ್ದು ಕೊನೆಗೆ. ಉದಾಹರಣೆಗೆ, ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಹಡಗುಗಳ ಪ್ರಯಾಣಿಕರಿಗೆ ಊರು ನೋಡಲು ಸಿಗುವುದು ಕೆಲವೇ ಗಂಟೆ. ಸುಮಾರು 50 ಕಿ.ಮೀ. ದೂರದ ಕಾರ್ಕಳದ ಗೊಮ್ಮಟ, 35 ಕಿ.ಮೀ. ದೂರದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ನಗರದೊಳಗಿನ ಕದ್ರಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್ ಇವಿಷ್ಟೂ ಅಷ್ಟು ಹೊತ್ತಿನಲ್ಲಿ ಹೊಂದಬೇಕಾದರೆ ಕಾರ್ಕಳದಿಂದ ಆರಂಭಿಸಿ ಬಂದರಿನ ಕಡೆಗೆ ಬರಬೇಕು. ದಾರಿಯಲ್ಲಿ ಎಲ್ಲಿಯೋ ತಡವಾದರೆ ಕೊನೆಯದನ್ನು ಬಿಟ್ಟು ನೇರ ಹಡಗಿಗೆ ಹೋಗಬಹುದು. ತಿರುಗುಮುರುಗು ಮಾಡಿದರೆ ತಡವಾದಾಗ ಹಡಗೇ ದೂರವಾಗುತ್ತದೆ.

ರಾತ್ರಿ ರೈಲಿನ ಹಗಲು

ಹಾಸನ, ಶಿವಮೊಗ್ಗದಿಂದ ಚಿಕ್ಕಮ್ಮ, ದೊಡ್ಡಪ್ಪ ಬಂದು ಹನುಮಂತನಗರದ ಮನೆಯಲ್ಲಿ ಸೇರಿ, ಇಲ್ಲಿಂದ ಎಲ್ಲರೂ ಒಟ್ಟಿಗೆ ಹೊರಡುವುದು ವಾಡಿಕೆ. ರೈಲು ರಾತ್ರಿ 8ರ ಸುಮಾರಿಗೆ. ಹಗಲಿಡೀ ಏನು ಮಾಡುವುದು? ಮೈಸೂರು, ಲೇಪಾಕ್ಷಿ ಎಂದು ಹೊರಡುವುದು ಬೇಡ. ಹೋಗುವುದು ಸುಲಭ, ಸಂಜೆ ನಗರದ ಒಳಗೆ ನುಗ್ಗುವುದು ಕಷ್ಟ.

ನಡೆದು ಹೋಗುವಷ್ಟು ದೂರದಲ್ಲೇ ಬೇಕಾದಷ್ಟಿದೆ. ಬಿಸಿಲೇರುವ ಮುಂಚೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ, ಆಮೇಲೆ ರಾಮನು ಹನುಮನನ್ನು ತಬ್ಬಿಕೊಂಡ ದೊಡ್ಡ ಮೂರ್ತಿಯಿರುವ ರಾಮಾಂಜನೇಯ ಗುಡ್ಡ. ಅಲ್ಲಿಂದ ಗವಿಪುರದ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಇಲ್ಲಿನ ಶಿವಲಿಂಗದ ಮೇಲೆ ಸೂರ್ಯರಶ್ಮಿ ಬೀಳುವುದನ್ನು ಊರಿಗೆ ಊರೇ ಕಾದು ನೋಡುತ್ತದೆ. ಉಳಿದ ದಿನಗಳಲ್ಲಿ ನೂಕುನುಗ್ಗಲಿಲ್ಲದೆ ಗುಹೆಯೊಳಗೆ ಪ್ರದಕ್ಷಿಣೆ ಬರಬಹುದು. ಬಸವನಗುಡಿಯ ದೊಡ್ಡ ಬಸವಣ್ಣ, ಬ್ಯೂಗಲ್ ರಾಕ್ ನೋಡಿ ಗಾಂಧಿ ಬಜಾರಿಗೆ ಬಂದರೆ ತಿಂಡಿಯ ಹೊತ್ತು. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದು ನೆನಪಿರಲಿ. ಹೊತ್ತು ಉಳಿದರೆ ಲಾಲ್‌ಬಾಗ್ ಬಂಡೆ. ಅದು ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸಂಜೆ ಸಾಮಾನು ಹಗುರವಿದ್ದವರು ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಮೆಟ್ರೊ ಹತ್ತಲಿ. ಮಾರ್ಕೆಟ್, ಚಿಕ್ಕಪೇಟೆ ಆದಮೇಲೆ ಮೆಜೆಸ್ಟಿಕ್. ಆ ಹೊತ್ತಿನಲ್ಲಿ ಮಾರ್ಕೆಟ್ ಸರ್ಕಲ್ ಮೂಲಕ ಕಾರಿನಲ್ಲಿ ಹೋಗುವವರಿಗಿಂತ ಇವರೇ ಮೊದಲು ತಲುಪುತ್ತಾರೆ.

ಕೊಚ್ಚಿ: ಕಾಲಡಿಯಿಂದ ಕೋಟೆಯವರೆಗೆ

ಬೆಂಗಳೂರಿನಿಂದ ಕೊಚ್ಚಿಗೆ ಮುಖ್ಯವಾಗಿ ಎರಡು ದಾರಿ. ಕನ್ಯಾಕುಮಾರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ 7ರ ಆಸುಪಾಸಿಗೆ ಎರ್ನಾಕುಳಂ ಟೌನ್ ತಲುಪುತ್ತದೆ. ಹಿರಿಯರು ಇದನ್ನು ಇಂದಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಆ ಹೆಸರು ಬಂದದ್ದು ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದಲೇ. ಹಿಂದೆ ಈ ರೈಲು ದ್ವೀಪದ ಕೊಚ್ಚಿನ್ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿತ್ತು. ರಾಬರ್ಟ್ ಬ್ರಿಸ್ಟೊ ಎಂಬ ಇಂಜಿನಿಯರ್ ಹಿನ್ನೀರಿನ ಹೂಳೆತ್ತಿಸಿ, ಆ ಮಣ್ಣಿನಿಂದಲೇ ಕಟ್ಟಿಸಿದ ದ್ವೀಪ ಅದು. ಲಕ್ಷದ್ವೀಪದ ಹಡಗುಗಳೂ ದೊಡ್ಡ ಕ್ರೂಸ್ ಹಡಗುಗಳೂ ನಿಲ್ಲುವುದು ಇವತ್ತಿಗೂ ಅಲ್ಲೇ. 2021ರ ಫೆಬ್ರುವರಿಯಲ್ಲಿ 'ಸಾಗರಿಕಾ' ಕ್ರೂಸ್ ಟರ್ಮಿನಲ್ ಉದ್ಘಾಟನೆಯಾದದ್ದೂ ಅದೇ ದ್ವೀಪದಲ್ಲಿ. ಇನ್ನೊಂದು ದಾರಿ 2025ರ ನವೆಂಬರ್‌ನಲ್ಲಿ ಶುರುವಾದ ವಂದೇ ಭಾರತ್. ವಾರದಲ್ಲಿ ಒಂದು ದಿನ ಬಿಟ್ಟು ಉಳಿದ ದಿನ ಬೆಳಗಿನ ಜಾವ ಮೆಜೆಸ್ಟಿಕ್ ಬಿಟ್ಟು ಮಧ್ಯಾಹ್ನ 2ರ ಹೊತ್ತಿಗೆ ಎರ್ನಾಕುಳಂ ಜಂಕ್ಷನ್ ಸೇರುತ್ತದೆ. ಒಂದು ಇಡೀ ದಿನ ಬೇಕೆನ್ನುವವರಿಗೆ ರಾತ್ರಿ ರೈಲೇ ಸರಿ.

ರಾತ್ರಿ ರೈಲಿನವರು ಎರ್ನಾಕುಳಂವರೆಗೆ ಹೋಗದೆ ಮುಂಚೆ ಸಿಗುವ ಆಲುವಾದಲ್ಲಿ ಇಳಿಯುವುದು ಜಾಣತನ. ಅಲ್ಲಿಂದ 20 ಕಿ.ಮೀ. ಚಿಲ್ಲರೆ ದೂರದಲ್ಲಿ ಶಂಕರಾಚಾರ್ಯರು ಹುಟ್ಟಿದ ಕಾಲಡಿ. ವಿಮಾನದಲ್ಲಿ ಬಂದವರಿಗಂತೂ ನೆಡುಂಬಾಶೇರಿ ನಿಲ್ದಾಣದಿಂದ ಸುಮಾರು 10 ಕಿ.ಮೀ. ಅಷ್ಟೇ. ಸಾಮಾನನ್ನು ಡಿಕ್ಕಿಯಲ್ಲಿಟ್ಟು ಒಂದೇ ಟ್ಯಾಕ್ಸಿಯಲ್ಲಿ ಹೋಗಿಬರಬಹುದು.

ಕನ್ನಡಿಗರು ಕಾಲಡಿಯನ್ನು ಬಿಡಬಾರದು. ಪೆರಿಯಾರ್ ದಂಡೆಯ ಈ ಹಳ್ಳಿ ಯಾತ್ರಾಸ್ಥಳವಾಗಿ ಮತ್ತೆ ಎದ್ದು ನಿಂತದ್ದು ಶೃಂಗೇರಿಯ ಕೈಯಿಂದ. ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು ಜಾಗವನ್ನು ಗುರುತಿಸಿ, ತಿರುವಾಂಕೂರು ಸಂಸ್ಥಾನದ ನೆರವು ಪಡೆದು, 1910ರಲ್ಲಿ ಶಾರದೆ ಮತ್ತು ಶಂಕರರ ಗುಡಿಗಳನ್ನು ಪ್ರತಿಷ್ಠಾಪಿಸಿದರು. ಹನುಮಂತನಗರದ ಪಕ್ಕದ ಶಂಕರಪುರದಲ್ಲಿ ಶಂಕರ ಮಠಕ್ಕೆ ನಡೆದುಕೊಳ್ಳುವವರಿಗೆ ಅಲ್ಲಿನ ಪ್ರಾಕಾರ, ಪೂಜೆಯ ಕ್ರಮ ಎಲ್ಲವೂ ಮನೆಯದೇ ಅನ್ನಿಸುತ್ತದೆ. ಆವರಣದಲ್ಲಿ ಶಂಕರರ ತಾಯಿ ಆರ್ಯಾಂಬೆಯ ಸಮಾಧಿಯಿದೆ, ಕೆಳಗೆ ಬಾಲಕ ಶಂಕರನ ಕಾಲನ್ನು ಮೊಸಳೆ ಹಿಡಿಯಿತೆನ್ನುವ ಸ್ನಾನಘಟ್ಟ. ಮಗನಿಗೆ ಸನ್ಯಾಸಕ್ಕೆ ಅಪ್ಪಣೆ ಕೊಟ್ಟ ತಾಯಿಯ ಸಮಾಧಿ ಮತ್ತು ಅಪ್ಪಣೆ ಕೊಟ್ಟ ಆ ಜಾಗ, ಎರಡನ್ನೂ ಒಂದೇ ಆವರಣದಲ್ಲಿ ಕಾಣುವುದು ದೊಡ್ಡ ಅನುಭವ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಆದ್ದರಿಂದ ಬೆಳಿಗ್ಗೆಯೇ ಹೋಗಿ.

ಕಾಲಡಿಯಿಂದ ಆಲುವಾಕ್ಕೆ ಬಂದರೆ ಮೆಟ್ರೊ ಅಲ್ಲಿಂದಲೇ ಶುರು. ಎರ್ನಾಕುಳಂನಲ್ಲಿ ಇಳಿದು, ಕೋಣೆಯಲ್ಲಿ ಸಾಮಾನಿಟ್ಟು, ಊಟ ಮುಗಿಸಿ ಹೈಕೋರ್ಟ್ ಜೆಟ್ಟಿಗೆ ಹೋಗಿ. ಬ್ಯಾಟರಿಯಿಂದ ಓಡುವ ವಾಟರ್ ಮೆಟ್ರೊ ದೋಣಿಗಳು 2023ರ ಏಪ್ರಿಲ್‌ನಲ್ಲಿ ಆರಂಭವಾದವು, ಮರುವರ್ಷ ಫೋರ್ಟ್ ಕೊಚ್ಚಿಗೂ ಬಂದವು. ರಸ್ತೆಯಲ್ಲಿ ಸೇತುವೆಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಹಿನ್ನೀರನ್ನು ನೇರ ದಾಟಬಹುದು. ಮರುದಿನ ಹಡಗು ಹತ್ತಲಿರುವ ಮಕ್ಕಳಿಗೆ ಇದು ಒಳ್ಳೆಯ ಪೂರ್ವಾಭ್ಯಾಸವೂ ಹೌದು.

ಮಟ್ಟಾಂಚೇರಿಯ ಅರಮನೆಯನ್ನು ಮೊದಲು ನೋಡಿ, ಏಕೆಂದರೆ ಬಾಗಿಲು ಬೇಗ ಮುಚ್ಚುತ್ತದೆ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟ ಕಟ್ಟಡ ಇದು. ಆಮೇಲೆ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಡಚ್ ಅರಮನೆ ಎಂಬ ಹೆಸರು ಉಳಿಯಿತು. ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ಹಸಿರು, ಕಾವಿ ಬಣ್ಣಗಳಲ್ಲಿ ಒಂದಿಂಚೂ ಖಾಲಿ ಬಿಡದೆ ಬರೆದ ಚಿತ್ರಗಳು. ಒಂದು ಪ್ರಸಂಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹುಡುಕಲು ನಿಧಾನವಾಗಿ ನಿಲ್ಲಬೇಕು. ಕಾಲ ಕೆಳಗಿನ ನೆಲವನ್ನೂ ಗಮನಿಸಿ. ಕಪ್ಪು ಅಮೃತಶಿಲೆಯಂತೆ ಹೊಳೆಯುವ ಅದು ಸುಟ್ಟ ತೆಂಗಿನ ಕರಟ, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿಭಾಗ ಸೇರಿಸಿ ಮಾಡಿದ ಗಾರೆ. ಹತ್ತಿರದಲ್ಲೇ 1568ರ ಪರದೇಶಿ ಸಿನಗಾಗ್. ಅಲ್ಲಿ ಹಾಸಿರುವುದು ಚೀನಾದಿಂದ ತರಿಸಿದ ನೀಲಿ-ಬಿಳಿ ಹೆಂಚು, ಕೈಯಲ್ಲೇ ಚಿತ್ರ ಬಿಡಿಸಿದ್ದರಿಂದ ಒಂದರಂತೆ ಇನ್ನೊಂದಿಲ್ಲ.

ದಿನ ಆರಿಸುವಾಗ ಎಚ್ಚರ ಬೇಕು. ಶುಕ್ರವಾರ ಅರಮನೆಗೆ ರಜೆ. ಶನಿವಾರ ಮತ್ತು ಯೆಹೂದಿ ಹಬ್ಬಗಳಂದು ಸಿನಗಾಗ್ ಮುಚ್ಚಿರುತ್ತದೆ. ವಾರಾಂತ್ಯದ ಹಡಗಿಗೆ ಹೋಗುವವರಲ್ಲಿ ಬಹಳ ಮಂದಿ ಬಾಗಿಲವರೆಗೆ ಬಂದು ವಾಪಸಾಗುವುದು ಇದೇ ಕಾರಣಕ್ಕೆ.

ಬಿಸಿಲು ಇಳಿದಮೇಲೆ ಫೋರ್ಟ್ ಕೊಚ್ಚಿ. 1503ರಲ್ಲಿ ಶುರುವಾದ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೊ ಡ ಗಾಮನನ್ನು 1524ರಲ್ಲಿ ಹೂಳಿದ್ದರು. ಕೆಲವು ವರ್ಷಗಳ ನಂತರ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು, ಇಲ್ಲಿ ಸಮಾಧಿಯ ಕಲ್ಲು ಉಳಿದಿದೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಚೀನೀ ಬಲೆಗಳು. ಸುಮ್ಮನೆ ಫೋಟೊ ತೆಗೆದು ಬರಬೇಡಿ, ಹತ್ತು ನಿಮಿಷ ನಿಂತು ಕೆಲಸ ನೋಡಿ. ಉದ್ದ ಮರದ ತೊಲೆಗಳ ತುದಿಯಲ್ಲಿ ಬಲೆ, ಹಿಂದಿನ ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ದೊಡ್ಡ ದೊಡ್ಡ ಕಲ್ಲುಗಳು. ಒಬ್ಬ ತೊಲೆಯ ಮೇಲೆ ಮುಂದಕ್ಕೆ ನಡೆದರೆ ಅವನ ಭಾರಕ್ಕೇ ಬಲೆ ನೀರಿಗಿಳಿಯುತ್ತದೆ. ಕೆಲವು ನಿಮಿಷ ಬಿಟ್ಟು ಉಳಿದವರು ಹಗ್ಗ ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ಕೆಳಗೆ ಕೂತು ಬಲೆ ಮೇಲೇಳುತ್ತದೆ. ಕತ್ತಲಾದ ಮೇಲೆ ಕಥಕಳಿಗೆ ಹೋಗುವವರು ಪ್ರದರ್ಶನಕ್ಕೆ ಒಂದು ಗಂಟೆ ಮುಂಚೆಯೇ ಹೋಗಲಿ. ಬಣ್ಣ ಹಚ್ಚುವುದನ್ನು ಎದುರೇ ಕೂತು ನೋಡಲು ಬಿಡುತ್ತಾರೆ. ಯಕ್ಷಗಾನದ ಚೌಕಿ ನೋಡಿದ ಕಣ್ಣಿಗೆ ಅದರ ರುಚಿಯೇ ಬೇರೆ.

ಹಡಗು ಮರುದಿನ ಮಧ್ಯಾಹ್ನದ ಮೇಲೆ ಎಂದಾದರೆ ಬೆಳಿಗ್ಗೆ ತ್ರಿಪ್ಪುಣಿತ್ತುರ ಸಾಧ್ಯ. 2024ರ ಮಾರ್ಚ್‌ನಿಂದ ಮೆಟ್ರೊ ಅಲ್ಲಿಯವರೆಗೂ ಇದೆ, ಆಮೇಲೆ ಆಟೊ. ಅಲ್ಲಿನ ಹಿಲ್ ಪ್ಯಾಲೇಸ್ ಕೊಚ್ಚಿ ರಾಜರ ಅರಮನೆ, ಈಗ ಕೇರಳದ ಅತಿ ದೊಡ್ಡ ಪುರಾತತ್ವ ಸಂಗ್ರಹಾಲಯ, ಸೋಮವಾರ ರಜೆ. ಮಲಯಾಳಂನ 'ಮಣಿಚಿತ್ರತ್ತಾಳ್' ಚಿತ್ರೀಕರಣದ ಬಹುಪಾಲು ನಡೆದದ್ದು ಇಲ್ಲಿ. ಅದೇ ಕಥೆ 2004ರಲ್ಲಿ ವಿಷ್ಣುವರ್ಧನ್, ಸೌಂದರ್ಯ ಅಭಿನಯದ 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ಬಂತು. ನಾಗವಲ್ಲಿಯ ಕಥೆ ಬಲ್ಲ ಮಕ್ಕಳನ್ನು ಅರಮನೆಯ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಬೇರೆ ಗೈಡ್ ಬೇಕಿಲ್ಲ.

ಹಡಗಿನ ದಿನ ಆಲಪ್ಪುಳದ ಹೌಸ್‌ಬೋಟ್, ಅದಿರಪ್ಪಿಳ್ಳಿ ಜಲಪಾತ, ಮುನ್ನಾರ್ ಬೇಡವೇ ಬೇಡ. ಆಲಪ್ಪುಳ 50 ಕಿ.ಮೀ. ಮೇಲೆ, ಅದಿರಪ್ಪಿಳ್ಳಿ ಸುಮಾರು 70, ಮುನ್ನಾರ್ 130ರ ಹತ್ತಿರ. ಅವುಗಳಿಗೆ ಹಡಗಿಳಿದ ಮೇಲಿನ ದಿನಗಳನ್ನು ಇಟ್ಟುಕೊಳ್ಳಿ.

ಮುಂಬೈಯಾದರೆ ಮಾಟುಂಗಾ

ಮುಂಬೈಯಿಂದ ಹಡಗು ಹತ್ತುವವರು ಇನ್ನೂ ಮುಂಚೆ ಹೊರಡಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಬಿಟ್ಟರೆ ತಲುಪುವುದು ಮರುದಿನ ರಾತ್ರಿಯ ಹೊತ್ತಿಗೆ. ಅಂದರೆ ಹಡಗಿನ ದಿನಕ್ಕಿಂತ ಮೂರು ದಿನ ಮುಂಚೆ ರೈಲು ಹತ್ತಿದರೆ ಒಂದು ಪೂರ್ತಿ ಹಗಲು ಸಿಗುತ್ತದೆ.

ಆ ಹಗಲಿಗೆ ಎಲಿಫೆಂಟಾ ಗುಹೆಗಳು ಸರಿ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಸೋಮವಾರ ರಜೆ. ಹಡಗಿನ ದಿನವೇ ಮಾತ್ರ ಹೋಗಬೇಡಿ, ವಾಪಸು ದೋಣಿಯ ಸರದಿ ಯಾರ ಕೈಯಲ್ಲೂ ಇರುವುದಿಲ್ಲ. ಹಡಗಿನ ದಿನ ಬೆಳಿಗ್ಗೆ ಮಾಟುಂಗಾಕ್ಕೆ ಹೋಗುವುದು ಒಳ್ಳೆಯದು. ಹೂವಿನ ಅಂಗಡಿ, ಫಿಲ್ಟರ್ ಕಾಫಿ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1942ರಿಂದ ಬಾಳೆಲೆ ಹಾಕುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲವೂ ಅಲ್ಲೇ. ಗಾಂಧಿ ಬಜಾರಿನವರಿಗೆ ಪರಊರೆನ್ನಿಸದ ಮುಂಬೈ ಅದು. ಸೆಂಟ್ರಲ್ ಲೈನಿನ ಲೋಕಲ್ ಹಿಡಿದರೆ ನೇರ ಸಿಎಸ್‌ಎಂಟಿ, ಅಲ್ಲಿಂದ ಬಂದರು ಟ್ಯಾಕ್ಸಿಯಲ್ಲಿ ಹತ್ತಿರ.

ಚೆನ್ನೈನಿಂದ ಹೊರಡುವವರಿಗೆ ಮೈಲಾಪುರದ ಕಪಾಲೀಶ್ವರ ಮತ್ತು ಎಗ್ಮೋರಿನ ಸರ್ಕಾರಿ ಮ್ಯೂಸಿಯಂ ಸಾಕು. ಮ್ಯೂಸಿಯಂಗೆ ಶುಕ್ರವಾರ ರಜೆ.

ಬಂದರಿನ ಬಾಗಿಲಲ್ಲಿ

ಹಡಗಿನ ದಿನ ತಿರುಗಾಟ ಎಷ್ಟೇ ಚೆನ್ನಾಗಿರಲಿ, ವರದಿ ಮಾಡಿಕೊಳ್ಳಬೇಕಾದ ಸಮಯಕ್ಕೆ ಒಂದು ಗಂಟೆ ಮುಂಚೆ ಎಲ್ಲವನ್ನೂ ನಿಲ್ಲಿಸಿ ಬಂದರಿಗೆ ಹೋಗಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಬೇರೆ, ಚೆಕ್-ಇನ್ ಮುಚ್ಚುವ ಸಮಯ ಬೇರೆ, ಎರಡನೆಯದೇ ಮುಖ್ಯ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಮೊದಲೇ ಕೈಯಲ್ಲಿರಬೇಕು. ಮಳೆಗಾಲದಲ್ಲಿ ಆ ಹಡಗುಗಳ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಾಗಾಗಿ ಮನೆ ಬಿಡುವ ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ. ಸಮುದ್ರದ ಓಲಾಟ ಆಗದವರು ಹತ್ತುವ ದಿನ ಹೊಟ್ಟೆ ಬಿರಿಯುವಂತೆ ಉಣ್ಣುವುದು ಬೇಡ, ಮಾತ್ರೆಯ ವಿಷಯವನ್ನು ಊರಲ್ಲೇ ವೈದ್ಯರ ಹತ್ತಿರ ಕೇಳಿಕೊಂಡಿರಲಿ.

ಕ್ರೂಸ್ ಹಡಗುಗಳಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್ಲಿನಲ್ಲೇ ತೆಗೆದುಕೊಂಡು ಆಮೇಲೆ ಕೋಣೆಗೆ ತಲುಪಿಸುತ್ತಾರೆ. ಗುರುತಿನ ಚೀಟಿಯ ಮೂಲಪ್ರತಿ, ಪರವಾನಗಿ, ದಿನದ ಮಾತ್ರೆಗಳು, ಹೊರದೇಶ ಮುಟ್ಟುವ ಹಡಗಾದರೆ ಪಾಸ್‌ಪೋರ್ಟ್ ಇವೆಲ್ಲ ಹೆಗಲ ಮೇಲಿನ ಚೀಲದಲ್ಲೇ ಇರಲಿ, ಪೆಟ್ಟಿಗೆಯಲ್ಲಿ ಬೇಡ.