ಕುದುರೆಯ ಮೈಯಲ್ಲಿ ನೀರು ಕಡಿಮೆಯಾದರೆ?

ಮಗುವಿಗೆ ವಾಂತಿ ಭೇದಿ ಆದಾಗ ಏನಾಗುತ್ತದೆ? ಕಣ್ಣು ಗುಳಿ ಬೀಳುತ್ತದೆ. ಬಾಯಿ ಒಣಗುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ನಮಗೆ ಗೊತ್ತಾಗುತ್ತದೆ.

ಕುದುರೆಗೂ ಹೀಗೇ ಆಗುತ್ತದೆ. ಮೈಸೂರಿನಲ್ಲಿ ಇಂದಿಗೂ ಟಾಂಗಾ ಓಡುತ್ತವೆ. ಟಾಂಗಾ ನಂಬಿದ ಮನೆಯಲ್ಲಿ ಕುದುರೆ ಮಲಗಿದರೆ ಒಲೆ ಉರಿಯುವುದಿಲ್ಲ. ಆದ್ದರಿಂದ ನಾವು ಇದನ್ನು ತಿಳಿಯೋಣ.

ದೊಡ್ಡ ಕುದುರೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಕುಡಿಯುತ್ತದೆ. ಅಂದರೆ ಎರಡು ಮೂರು ಕೊಡ. ಬಿಸಿಲಿನಲ್ಲಿ ದುಡಿದರೆ ಇನ್ನೂ ಹೆಚ್ಚು ಬೇಕು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ.

"ಬೆವರಿದ ಕುದುರೆಗೆ ನೀರು ಕೊಡಬಾರದು" ಅಂತಾರೆ. ಇದು ತಪ್ಪು. ನೆರಳಿಗೆ ಕಟ್ಟಿ. ನೀರು ಮುಂದಿಡಿ.

ಮನೆಯಲ್ಲೇ ನೋಡುವುದು ಹೇಗೆ?

1. ಭುಜದ ಹತ್ತಿರ ಚರ್ಮ ಹಿಡಿದೆತ್ತಿ ಬಿಡಿ. ಅದು ಕೂಡಲೇ ಮೊದಲಿನಂತಾಗಬೇಕು. ಎತ್ತಿದಂತೆಯೇ ನಿಂತರೆ ನೀರು ಕಡಿಮೆ.

2. ತುಟಿ ಎತ್ತಿ ಒಸಡು ಮುಟ್ಟಿ. ಅದು ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿ ಬಿಡಿ. ಬಿಳುಪಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು.

ಡಾಕ್ಟರು ಏನು ನೋಡುತ್ತಾರೆ?

ಬಸುರಿಯರಿಗೆ ಸ್ಕ್ಯಾನಿಂಗ್ ಮಾಡುವುದು ನಮಗೆ ಗೊತ್ತು. ದೊಡ್ಡ ಪಶು ಆಸ್ಪತ್ರೆಗಳಲ್ಲಿ ಕುದುರೆಗೂ ಅದೇ ರೀತಿ ಮಾಡುತ್ತಾರೆ. ಕುದುರೆಯ ಕತ್ತಿನಲ್ಲಿ ದೊಡ್ಡ ರಕ್ತನಾಳವಿದೆ. ಅದರ ಮೇಲೆ ಯಂತ್ರದ ಹಿಡಿ ಇಡುತ್ತಾರೆ. ಯಂತ್ರ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತದೆ. ಶಬ್ದ ಒಳಗೆ ಹೋಗಿ ತಿರುಗಿ ಬರುತ್ತದೆ. ಪರದೆಯ ಮೇಲೆ ರಕ್ತನಾಳದ ಚಿತ್ರ ಮೂಡುತ್ತದೆ. ಕುಯ್ಯುವುದಿಲ್ಲ. ನೋವಿಲ್ಲ.

ಹೊಲದ ನೀರಿನ ಪೈಪು ನೋಡಿದ್ದೀರಲ್ಲ? ನೀರು ತುಂಬಿದರೆ ದುಂಡಗಿರುತ್ತದೆ. ನೀರಿಲ್ಲದಿದ್ದರೆ ಚಪ್ಪಟೆಯಾಗುತ್ತದೆ. ರಕ್ತನಾಳವೂ ಹಾಗೆಯೇ. ಮೈಯಲ್ಲಿ ನೀರು ಕಡಿಮೆಯಾದರೆ ಅದು ಸಣ್ಣದಾಗುತ್ತದೆ. ಗ್ಲೂಕೋಸ್ ಬಾಟಲಿಯಂತೆ ಉಪ್ಪುನೀರಿನ ಬಾಟಲಿ ಏರಿಸಿದ ಮೇಲೆ ಮತ್ತೆ ಅಗಲವಾಗುತ್ತದೆ.

ಕುದುರೆ ತಲೆ ಎತ್ತಿದರೆ, ತಗ್ಗಿಸಿದರೆ ಸಹ ನಾಳದ ಅಳತೆ ಬದಲಾಗುತ್ತದೆ. ಅದಕ್ಕೇ ಡಾಕ್ಟರು ಒಂದೇ ಸಲ ನೋಡಿ ಹೇಳುವುದಿಲ್ಲ. ಮೊದಲು ನೋಡುತ್ತಾರೆ, ಬಾಟಲಿ ಏರಿಸಿದ ಮೇಲೂ ನೋಡುತ್ತಾರೆ. ಎದೆಬಡಿತ ಎಣಿಸುತ್ತಾರೆ. ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ನಾವೇನು ಮಾಡಬೇಕು?

ಕುದುರೆ ಮೇವು ಬಿಟ್ಟರೆ, ಹೊಟ್ಟೆನೋವಿನಿಂದ ಹೊರಳಾಡಿದರೆ, ಒಸಡು ಒಣಗಿದರೆ ತಡ ಮಾಡಬೇಡಿ. ಬಲವಂತವಾಗಿ ಬಾಯಿಗೆ ನೀರು ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದೀತು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 1962ಕ್ಕೆ ಫೋನ್ ಮಾಡಿ.

ಯಂತ್ರ ಆಸ್ಪತ್ರೆಯಲ್ಲಿರುತ್ತದೆ. ಆದರೆ ಮೊದಲು ನೋಡುವ ಕಣ್ಣು, ಮುಟ್ಟುವ ಕೈ ನಮ್ಮವೇ.

ಓದಿ, ಉತ್ತರ ಬರೆಯಿರಿ
1. ಚರ್ಮ ಹಿಡಿದು ಬಿಟ್ಟಾಗ ಏನಾಗಬೇಕು?
2. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತನಾಳ ಹೇಗೆ ಕಾಣುತ್ತದೆ?
3. ನಿಮ್ಮ ಮನೆಯ ದನ, ಕುದುರೆ ದಿನಕ್ಕೆ ಎಷ್ಟು ಕೊಡ ನೀರು ಕುಡಿಯುತ್ತವೆ? ಎಣಿಸಿ ಬರೆಯಿರಿ.