ಇಮ್ಮಡಿ ವ್ಯಾಟ್, ಇಮ್ಮಡಿ ಸದ್ದಲ್ಲ

ಟಿಟ್ವಾಳಾದ ಓದುಗರಿಗೆ: 40 ವ್ಯಾಟ್‌ನ ಆಂಪ್ಲಿಫೈಯರ್ ಮಾರಿ 80 ವ್ಯಾಟ್‌ನದು ಕೊಂಡರೆ ಸದ್ದು ಇಮ್ಮಡಿಯಾಗುತ್ತದೆ ಎಂದುಕೊಂಡಿದ್ದೀರಿ. ಆಗುವುದಿಲ್ಲ. ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ 400 ವ್ಯಾಟ್ ಬೇಕು. ಫ್ಲ್ಯಾಟಿನಲ್ಲಿ ಅದೇಕೆ? ಪಕ್ಕದ ಮನೆಯವರು ಬಾಗಿಲು ಬಡಿದಾರು.

ನಿಮ್ಮ ಸ್ಪೀಕರ್‌ನ ಸೆನ್ಸಿಟಿವಿಟಿ 86 ಡೆಸಿಬೆಲ್ ಎಂದು ಬರೆದಿದ್ದೀರಿ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಮಲ್ಲಿಕಾರ್ಜುನ ಮನ್ಸೂರರ ಆಲಾಪಕ್ಕೆ ಅದೇ ಧಾರಾಳ. ಆದರೆ ತಬಲಾದ ಪೆಟ್ಟು ಬಿದ್ದ ಕ್ಷಣ ಹತ್ತಾರು ಪಟ್ಟು ಶಕ್ತಿ ಬೇಕಾಗುತ್ತದೆ. ಅಲ್ಲಿ ಆಂಪ್ಲಿಫೈಯರ್ ಸೋತರೆ ದನಿ ಒಡೆಯುತ್ತದೆ, ಟ್ವೀಟರ್ ಸುಟ್ಟೂ ಹೋದೀತು. ನೀವು ಕೇಳುವ ಮಟ್ಟದಲ್ಲಿ ದನಿ ಒಡೆಯುತ್ತಿದೆಯೇ? ಇಲ್ಲವಾದರೆ ದುಡ್ಡು ಉಳಿಸಿ. ದನಿ ಇನ್ನೂ ತಿಳಿಯಾಗಬೇಕೆಂದರೆ ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆದು ಕೇಳಿ ನೋಡಿ.

ಒಡೆಯುತ್ತಿದ್ದರೆ ಮಾತು ಬೇರೆ. ನಿಮ್ಮದು 4 ಓಮ್ ಸ್ಪೀಕರ್; ಆ ಭಾರ ತಡೆಯುವ 100 ವ್ಯಾಟ್‌ನದು ನೋಡಿ. ಡಬ್ಬಿಯ ಮೇಲಿನ ಪಿಎಂಪಿಒ ಅಂಕಿ ಶುದ್ಧ ಬಡಾಯಿ, ಸತತವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್, ಎಷ್ಟೆಂದು ಕೇಳಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ನಿಮ್ಮದೇ ಸ್ಪೀಕರ್ ಒಯ್ದು ಜೋಡಿಸಿ ಕೇಳಿ. ಬೆಳಗಿನ ಲೋಕಲ್ ರೈಲಿನಲ್ಲಿ ಮಾತ್ರ ಒಯ್ಯಬೇಡಿ.